ಚುಕ್ಕೆಯ ಅಳತೆ

ನದಿಯ ದಂಡೆಯ ಆನೆ ಶಿಬಿರದಲ್ಲಿ ಕುಶಾಲಪ್ಪ ಎಂಬ ಹಿರಿಯ ಪಶುವೈದ್ಯರಿದ್ದರು. ಕಾಡಾನೆಗೆ ದೂರದಿಂದ ಅರಿವಳಿಕೆಯ ಡಾರ್ಟ್ ಹೊಡೆಯುವ ವಿದ್ಯೆ ಕಲಿಯಲು ದಾಕ್ಷಾಯಿಣಿ ಅವರ ಬಳಿ ಬಂದಿದ್ದಳು. ಅವಳೂ ಡಾಕ್ಟರೇ. ಹಟದಲ್ಲಿ ಗುರುವಿಗಿಂತ ಒಂದು ಕೈ ಮೇಲು.

ಕಾಡಿನಲ್ಲಿ ಒಂದು ತಾಯಿ ಆನೆಯ ಮುಂಗಾಲಿಗೆ ತಂತಿಯ ಉರುಳು ಬಿಗಿದಿತ್ತು. ಗಾಯ ಕೊಳೆಯುತ್ತಿತ್ತು. ಅರಿವಳಿಕೆ ಕೊಟ್ಟು ತಂತಿ ಕತ್ತರಿಸದಿದ್ದರೆ ಆನೆ ಉಳಿಯುವಂತಿರಲಿಲ್ಲ.

"ನಾಳೆ ನಾನೇ ಹೊಡೀತೀನಿ ಸರ್."

"ಹೊಡಿ."

"ಆದ್ರೆ ಬಂದೂಕಿನ ಮೇಲಿರೋ, ಗುರಿ ನೋಡೋ ಈ ರೆಡ್ ಡಾಟ್ ಗಾಜು ಬೇಡ. ಇದರ ಕೆಂಪು ಚುಕ್ಕೆ ದೊಡ್ಡದು, ಗುರಿ ಮುಚ್ಚುತ್ತೆ. ಇನ್ನೊಂದು ಗಾಜಿನದ್ದು ಸಾಸಿವೆಯಷ್ಟೇ ಇದೆ. ಕಾಗದಕ್ಕೆ ಹೊಡೆದು ನೋಡಿದೆ, ಎಲ್ಲಾ ಒಂದೇ ಕಡೆ ಬಿತ್ತು."

"ಆನೆಯ ತೊಡೆ ಮುಚ್ಚುವಷ್ಟು ದೊಡ್ಡ ಚುಕ್ಕೆಯಾ ಮಾರಾಯ್ತಿ?" ಗುರು ನಕ್ಕರು. "ಆಗಲಿ, ನಿನ್ನ ಸಾಸಿವೆಯನ್ನೇ ಹಾಕು."

ದಂಡೆಯಲ್ಲಿ ಸಾಕಾನೆಯೊಂದು ಮಿಂದು ನಿಂತಿತ್ತು. ಅದರ ಮರಿ ಆಚೆ ಮಗ್ಗುಲಲ್ಲಿ ಮಣ್ಣಾಡುತ್ತಿತ್ತು.

"ಬಂದೂಕು ಖಾಲಿಯಿದೆ. ಎತ್ತು. ತೊಡೆಗೆ ಗುರಿಯಿಡು."

ಅವಳು ಒಂದು ಕಣ್ಣು ಮುಚ್ಚಿದಳು. ಬಿಸಿಲಿಗೆ ಸಣ್ಣ ಚುಕ್ಕೆ ಎಲ್ಲಿದೆಯೆಂದೇ ತಿಳಿಯಲಿಲ್ಲ. ಹುಡುಕಿದಳು.

ಗುರು ಜೇಬಿನಿಂದ ಬೆಲ್ಲದ ತುಂಡು ತೆಗೆದು ಆನೆಯ ಹಿಂಗಾಲ ಬಳಿ ಎಸೆದರು.

"ಸಿಕ್ತು ಸರ್! ಕೂತಿದೆ. ಹೊಡೀಲಾ?"

"ಹೊಡಿ."

ಟ್ರಿಗರ್ ಟಕ್ ಎಂದಿತು.

"ಈಗ ಇಳಿಸಿ ನೋಡು."

ತಾಯಿಯ ತೊಡೆಗೆ ಅಡ್ಡ ನಿಂತು ಮರಿ ಬೆಲ್ಲ ಮೆಲ್ಲುತ್ತಿತ್ತು.

ತಾಯಿಯ ತೂಕಕ್ಕೆ ಅಳೆದ ಮದ್ದು ಮರಿಯ ಮೈಗೆ ಹೋದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಡಿನ ಆ ತಾಯಿಗೂ ಒಂದು ಮರಿಯಿತ್ತು.

"ಬೂದು ಮೈ ಮಾತ್ರ ಕಂಡಿತ್ತು ಸರ್. ಯಾರ ಮೈ ಅಂತ ನೋಡಲಿಲ್ಲ... ಹಾಗಾದ್ರೆ ದೊಡ್ಡ ಚುಕ್ಕೆಯೇ ಸರಿನಾ?"

"ಎರಡೂ ಕಣ್ಣು ಬಿಟ್ಟು ನೋಡು. ಹುಡುಕದೆ ಸಿಗೋದನ್ನ ಇಟ್ಕೋ." ಗುರು ಊಟಕ್ಕೆ ಹೋದರು.

ಅವಳಿಗೆ ಊಟ ನೆನಪಾಗಲಿಲ್ಲ. ಹೊತ್ತು ಮುಳುಗುವವರೆಗೆ ಬಂದೂಕು ಎತ್ತಿದಳು, ಇಳಿಸಿದಳು. ಕೊನೆಗೆ ಬೇಡವೆಂದಿದ್ದ ದೊಡ್ಡ ಚುಕ್ಕೆಯನ್ನೇ ಮತ್ತೆ ಕೂರಿಸಿದಳು.

ಮರುದಿನ ಕಾಡಿನಲ್ಲಿ ಎರಡೂ ಕಣ್ಣು ಬಿಟ್ಟು ಬಂದೂಕು ಎತ್ತಿದೊಡನೆ ಚುಕ್ಕೆ ತೊಡೆಯ ಮೇಲೆ ಕೂತಿತು. ಮರಿ ಅಡ್ಡ ಬಂದದ್ದೂ ಕಂಡಿತು. ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಮರಿ ಬಂತು.

"ಹೊಡೀರಿ ಮೇಡಂ, ಆನೆ ಹೊರಟುಹೋಗುತ್ತೆ," ಎಂದು ಜೊತೆಗೆ ಬಂದಿದ್ದ ಶಿಬಿರದ ಮಾವುತ ಪಿಸುಗುಟ್ಟಿದ.

"ಹೋಗ್ಲಿ. ಅದರ ಹಿಂದೆಯೇ ನಡೆಯೋಣ."

ಗುರು, ಮಾವುತ ಇಬ್ಬರೂ ಅವಳ ಜೊತೆ ಮುಳ್ಳುಪೊದೆಗಳ ನಡುವೆ ನಡೆದರು. ಅವಳ ತೋಳು ತರಚಿತು, ಬಾಯಿ ಒಣಗಿತು. ನೆತ್ತಿಯ ಮೇಲೆ ಬಿಸಿಲು ಬಂದಾಗ ಮರಿ ಎಳೆಬಿದಿರಿಗೆ ಆಸೆಪಟ್ಟು ಪಕ್ಕಕ್ಕೆ ಸರಿಯಿತು.

ಡಾರ್ಟ್ ತೊಡೆಗೆ ನಾಟಿತು.

ತುಸು ಹೊತ್ತಿಗೆ ತಾಯಿ ಮತ್ತೇರಿ ನಿಂತಲ್ಲೇ ಗೊರಕೆ ಹೊಡೆಯಿತು. ಗುರುಶಿಷ್ಯೆಯರು ತಂತಿ ಕತ್ತರಿಸಿ, ಗಾಯ ತೊಳೆದು, ಎಚ್ಚರದ ಮದ್ದು ಚುಚ್ಚಿ ಮರದ ಹಿಂದೆ ಸರಿದರು. ಆನೆ ಕಿವಿ ಬೀಸಿತು. ಮರಿ ಓಡಿಬಂದು ಅದರ ಮುಂಗಾಲುಗಳ ನಡುವೆ ತಲೆ ತೂರಿಸಿ ಹಾಲಿಗೆ ಬಾಯಿಟ್ಟಿತು.

ದಾಕ್ಷಾಯಿಣಿ ಕಣ್ಣೊರೆಸಿಕೊಂಡಳು.

"ಈಗಲಾದ್ರೂ ಹೇಳಿ ಸರ್. ನಾನು ಕೊನೆಗೆ ಆರಿಸಿದ ಚುಕ್ಕೆ ಸರಿಯಿತ್ತಾ?"

ಗುರು ಮರಿಯ ಕಡೆ ಗಲ್ಲ ಎತ್ತಿ ತೋರಿಸಿದರು.

"ನನ್ನನ್ನ ಯಾಕೆ ಕೇಳ್ತೀ? ಅವನನ್ನ ಕೇಳು."