ಗೆದ್ದವರ ಹೂದಾನಿ

ಮೈಸೂರಿನ ಭುಜಂಗರಾಯರಿಗೆ ಒಂದು ವಿಚಿತ್ರ ಹುಚ್ಚಿತ್ತು. ಹಿಂದಿನ ಕಾಲದಲ್ಲಿ ಆಟ, ಪಂದ್ಯ ಗೆದ್ದವರಿಗೆ ಬಹುಮಾನವಾಗಿ ಕೊಟ್ಟ ಪಿಂಗಾಣಿ ಸಾಮಾನುಗಳನ್ನು ಹುಡುಕಿ ತಂದು ಗಾಜಿನ ಬೀರುವಿನಲ್ಲಿ ಇಡುತ್ತಿದ್ದರು. ತಾವು ಮಾತ್ರ ಒಂದು ಗೋಲಿಯಾಟವನ್ನೂ ಗೆದ್ದವರಲ್ಲ.

ಅವರ ವಠಾರದಲ್ಲಿ ಹೂ ಮಾರುವ ಚೌಡಮ್ಮ ಬಾಡಿಗೆಗಿದ್ದಳು. ತೀರಿಹೋದ ಅವಳ ಗಂಡ ಕುಸ್ತಿಯಲ್ಲಿ ಗೆದ್ದು ತಂದ, ನೀಲಿ ನವಿಲಿನ ಚಿತ್ರವಿದ್ದ ಹೂದಾನಿಯೊಂದು ಅವಳ ಮನೆಯಲ್ಲಿತ್ತು. ಅದು ರಾಯರ ಕಣ್ಣಿಗೆ ಬಿತ್ತು.

"ಅದು ನನ್ನ ಬೀರುವಿನಲ್ಲಿ ಇರಬೇಕಾದ್ದು. ಕೊಡು, ಇಲ್ಲ ಮನೆ ಖಾಲಿ ಮಾಡು," ಎಂದರು.

ಚೌಡಮ್ಮ ಹೂದಾನಿಯನ್ನು ಸೆರಗಿನಿಂದ ಒರೆಸಿ, "ತಗೊಳ್ಳಿ ಬುದ್ಧಿ," ಎಂದು ಕೊಟ್ಟಳು. ಆಮೇಲೆ ನೆಟ್ಟಗೆ ಗಂಡನ ಗರಡಿಮನೆಗೆ ಹೋದಳು.

ಮರುದಿನ ಬೆಳಿಗ್ಗೆ ರಾಯರು ಬಾಗಿಲು ತೆರೆದರೆ ಜಗಲಿಯ ತುಂಬ ಪೈಲ್ವಾನರು! ಲಂಗೋಟಿ ಬಿಗಿದು, ಮೈಗೆ ಕೆಮ್ಮಣ್ಣು ಬಳಿದುಕೊಂಡು ತೊಡೆ ತಟ್ಟುತ್ತಿದ್ದಾರೆ.

"ಏನ್ರಪ್ಪಾ ಇದು?"

"ಆ ಹೂದಾನಿ ಯಾರ ಮನೇಲಿ ಇರುತ್ತೋ ಅವರೇ ಊರಿಗೆ ದೊಡ್ಡ ಪೈಲ್ವಾನರು, ಬುದ್ಧಿ. ಯಾರು ಕರೆದರೂ ಕುಸ್ತಿಗೆ ಇಳೀಲೇಬೇಕು. ಮೊದಲು ಯಾರು ಬರಲಿ?" ಎಂದು ಒಬ್ಬ ದಾಂಡಿಗ ಕೇಳಿದ.

ರಾಯರು ಹೂದಾನಿಯನ್ನು ಎದೆಗವಚಿಕೊಂಡು ಹಿತ್ತಿಲ ಬಾಗಿಲಿಂದ ಓಡಿದರು. ಅದನ್ನು ಚೌಡಮ್ಮನ ಮುಂದಿಟ್ಟು, "ಇದೂ ಬೇಡ, ನೀನು ಮನೆ ಬಿಡೋದೂ ಬೇಡ ತಾಯಿ," ಎಂದರು. ಉಸಿರು ಸುಧಾರಿಸಿಕೊಂಡ ಮೇಲೆ ಅವರಿಗೆ ಕುತೂಹಲ ತಡೆಯಲಿಲ್ಲ.

"ಅಲ್ಲಾ, ಈ ನಿಯಮ ಯಾವ ಕಾಲದ್ದು?"

ಚೌಡಮ್ಮ ಹೂ ಕಟ್ಟುತ್ತಲೇ ಹೇಳಿದಳು: "ನಿನ್ನೆ ಸಾಯಂಕಾಲದ್ದು, ಬುದ್ಧಿ."