ಬಣ್ಣ ಹೊಂದಿಸಿದ ತಿಮ್ಮೇಶ

ಹೂಂಗುಟ್ಟೋಕೆ ಒಬ್ಬರಾದ್ರೂ ಇದ್ರೆ ಹೇಳ್ತೀನಿ, ಇಲ್ಲದಿದ್ರೆ ಇಲ್ಲ. ಹಾಂ, ಇದ್ದೀರಾ? ಸರಿ, ಕೇಳಿ.

ತಿಪಟೂರಲ್ಲಿ ಪಂಕಜಮ್ಮ ಅಂತ ಒಬ್ಬರು. ರವಿಕೆ ಕಣದ ಅಂಗಡಿ ಅವರದು. ಮ್ಯಾಚಿಂಗ್ ಸೆಂಟರ್ ಅಂತೀವಲ್ಲ, ಅದು. ಯಾವ ಸೀರೆ ತಂದು ಮುಂದಿಟ್ರೂ ಸರಿ, ರೆಪ್ಪೆ ಬಡಿಯೋದ್ರೊಳಗೆ ಅದಕ್ಕೊಪ್ಪೋ ತುಂಡು ಎಳೆದು ಕೊಡೋರು. ಅಂಥ ತಾಯಿಗೆ ಒಬ್ಬನೇ ಮಗ. ಹೆಸರು ತಿಮ್ಮೇಶ.

ತಿಮ್ಮೇಶ ಕೆಟ್ಟೋನಲ್ಲ. ಸೋಮಾರೀನೂ ಅಲ್ಲ. ಹೇಳಿದ್ದನ್ನ ಮಾಡ್ತಾನೆ. ಅದೇ ತೊಂದರೆ! ಹೇಳಿದ್ದನ್ನೇ ಮಾಡ್ತಾನೆ! "ಗಿರಾಕಿ ಬಂದ್ರೆ ಮುಖ ಕೊಟ್ಟು ಮಾತಾಡೋ" ಅಂದಿದ್ರು ತಾಯಿ. ಸೀರೆ ಹಿಡ್ಕೊಂಡು ಬಂದ ಹೆಡ್‌ಮೇಡಂ ಮೂಗಿಗೆ ಮೂಗು ತಾಗೋ ಹಂಗೆ ಮುಖ ಕೊಟ್ಟು ನಿಂತ. ಆ ಮೇಡಂ ಕಿರುಚಿಕೊಂಡು ಹೋದೋರು ಮತ್ತೆ ಆ ಬೀದಿಗೇ ಬರಲಿಲ್ಲ. ಅವತ್ತಿಂದ ಅವನಿಗೆ ಅಂಗಡಿ ಮೆಟ್ಟಿಲು ಬಂದ್.

"ಅಯ್ಯೋ ದೇವರೇ, ಇವನನ್ನ ಕಟ್ಕೊಂಡು ನಾನೇನ್ ಮಾಡ್ಲಿ!" ಅಂತ ಹಣೆ ಹಣೆ ಚಚ್ಕೊಂಡ್ರು ಪಂಕಜಮ್ಮ.

ಆದ್ರೆ ಒಂದು ವಿಷಯ. ತಿಮ್ಮೇಶ ಗೆರೆ ಎಳೆದ ಅಂದ್ರೆ ನಿಂತು ನೋಡಬೇಕು. ಹಸು ಬರೆದ್ರೆ ಬಾಲ ಬೀಸಿತೇನೋ ಅನ್ಸೋದು. ಅದನ್ನ ಕಂಡು ಗುರುಪಾದಪ್ಪ ಮೇಷ್ಟ್ರು ಕರೆದ್ರು. ಇವರು ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರ್ ಆದೋರು. ಜ್ಯೂಸ್ ಅಂಗಡಿ ಮೇಲಿನ ಕೋಣೆಯಲ್ಲಿ ಎರಡು ಟ್ಯಾಬ್ ಇಟ್ಕೊಂಡು ಮಕ್ಕಳ ಕತೆಗೆ ಗೊಂಬೆ ಬರೆಸೋರು. ಕಾಗದ ಇಲ್ಲ, ಬ್ರಷ್ ಇಲ್ಲ. ಗಾಜಿನ ಮೇಲೇ ಗೆರೆ, ಗಾಜಿನ ಮೇಲೇ ಬಣ್ಣ.

ಮೈಸೂರಿನ ಒಂದು ಪುಸ್ತಕದ ಕಂಪನಿಯೋರು ಕುರಿ ಕಾಯೋ ಹುಡುಗಿ ಒಬ್ಬಳನ್ನ ಬರೆದು ತೋರಿಸಿ ಅಂದಿದ್ರು. ಒಪ್ಪಿದ್ರೆ ವರ್ಷವೆಲ್ಲ ಕೆಲಸ. ಒಪ್ಪದಿದ್ರೆ ಮೇಷ್ಟ್ರು ಬಾಗಿಲು ಹಾಕ್ಕೊಂಡು ಮನೆಗೆ ಹೋಗೋದೇ. ತಿಮ್ಮೇಶ ಹುಡುಗೀನ ಬರೆದ. ಲಂಗ, ರವಿಕೆ, ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಒಂದು ಮರಿ. ನಕ್ಕರೆ ಎದುರಿಗಿದ್ದೋರೂ ನಗಬೇಕು, ಹಂಗಿತ್ತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು.

"ಭೇಷ್ ಕಣೋ! ಈಗ ಬಣ್ಣ ಹಾಕು. ನೋಡು, ಒಂದಕ್ಕೊಂದು ಹೊಂದಬೇಕು. ತಿಳೀತಾ?"

"ತಿಳೀತು ಸಾರ್." ತಿಳೀದೆ ಏನು? ಅಮ್ಮನ ಅಂಗಡೀಲಿ ದಿನಾ ನೋಡಿದಾನೆ. ಹಸಿರು ಸೀರೆಗೆ ಹಸಿರು ರವಿಕೆ ಕೊಟ್ರೆ "ಹೊಂದ್ತು" ಅಂತಾರೆ. ಲಂಗಕ್ಕೆ ಹಸಿರು ಹಾಕ್ದ. ರವಿಕೆಗೆ ಹಸಿರು ಹಾಕ್ದ. ಮುಖಕ್ಕೆ ಹಸಿರು, ಕುರಿಮರಿಗೆ ಹಸಿರು, ನಗೋ ಹಲ್ಲಿಗೂ ಹಸಿರು!

ಮೇಷ್ಟ್ರು ನೋಡಿದ್ರು. "ಏನೋ ಇದು! ಪಾಚಿ ಕಟ್ಟಿದ ಬಾವೀಲಿ ಬಿದ್ದು ಎದ್ದು ಬಂದವಳ ಹಾಗಿದಾಳಲ್ಲೋ!"

"ಎಲ್ಲಾ ಒಂದಕ್ಕೊಂದು ಹೊಂದಿದೆ ಸಾರ್."

"ಹೊಂದೋದು ಅಂದ್ರೆ ಒಂದೇ ಬಣ್ಣ ಅಲ್ಲ ಕಣೋ ಮಂಕೇ! ಒಂದು ಬಣ್ಣ ಹಾಕಿದ ಮೇಲೆ ಎದುರು ಬಣ್ಣಾನೂ ಹಾಕಬೇಕು. ಆಗ ಕಳೆ ಬರುತ್ತೆ. ಎದುರು ಬಣ್ಣ ಹಾಕು!"

"ಹಾಕ್ತೀನಿ ಸಾರ್."

ಮಾರನೇ ದಿನ ಕಿಟಕಿ ತೆಗೆದು ಕೂತ. ಎದುರಿಗೆ ಏನಿದೆ? ಗೊಬ್ಬರದ ಅಂಗಡಿ. ಗೋಡೆ ಸಿಮೆಂಟ್ ಬಣ್ಣ. ಹಾಕ್ದ ಲಂಗಕ್ಕೆ. ಬಾಗಿಲಿಗೆ ನೀಲಿ ಶಟರ್ರು. ಹಾಕ್ದ ಮುಖಕ್ಕೆ, ಗೀರುಗೀರಾಗಿ. ಶಟರ್ ಮೇಲೆ ಕೆಂಪಗೆ ಏನೋ ಬರೆದಿತ್ತು. ಅದನ್ನೂ ಬಿಡಲಿಲ್ಲ ಪುಣ್ಯಾತ್ಮ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದ್ರು. ಹುಡುಗಿ ಹಣೆ ಮೇಲೆ "ಸೋಮವಾರ ರಜೆ" ಅಂತಿತ್ತು.

"ಇದೇನೋ! ಇದೇನೋ ಇದು!"

"ಎದುರು ಇದ್ದ ಬಣ್ಣ ಸಾರ್. ನೀವೇ ಹೇಳಿದ್ರಿ."

"ಅಯ್ಯೋ ಶಿವನೇ! ಎದುರು ಅಂದ್ರೆ ಎದುರು ಅಂಗಡಿ ಅಲ್ಲವೋ! ಚಕ್ರ ಇದೆ, ಚಕ್ರ! ಅದನ್ನ ನೋಡ್ಕೊಂಡು ಬಣ್ಣ ಹಾಕಬೇಕು. ಚಕ್ರ ನೋಡದೆ ಒಂದು ಚುಕ್ಕೇನೂ ಇಡಬೇಡ!"

ಸಂಜೆ ಮನೇಲಿ ತಾಯಿ ಕೇಳಿದ್ರು. "ಇವತ್ತೇನಂದ್ರೋ ಮೇಷ್ಟ್ರು?"

"ಚಕ್ರ ನೋಡಿ ಹಾಕು ಅಂದ್ರಮ್ಮ."

"ಹಾಗಾದ್ರೆ ಸರಿಯಾಗಿ ನೋಡೋ! ಅರ್ಧಂಬರ್ಧ ನೋಡಿ ಬರಬೇಡ. ಹತ್ತಿರ ಕೂತು ನೋಡು!"

ಹತ್ತಿರಾನೇ ಕೂತ. ಎಲ್ಲಿ? ಮೇಷ್ಟ್ರ ಸ್ಕೂಟರ್ ಹತ್ತಿರ! ಬಿಸಿಲಲ್ಲಿ, ಟ್ಯಾಬ್ ತೊಡೆ ಮೇಲಿಟ್ಕೊಂಡು, ಹಿಂದಿನ ಚಕ್ರ ನೋಡ್ತಾ ನೋಡ್ತಾ ಮಧ್ಯಾಹ್ನದವರೆಗೂ ಬಣ್ಣ ಹಾಕ್ದ. ಲಂಗ ಕಪ್ಪು. ಕಂಬಳಿ ಕಪ್ಪು. ಮುಖ ಕೆಸರು. ಚಕ್ರಕ್ಕೆ ಒಂದು ಕಡೆ ಸಗಣಿ ಹತ್ತಿತ್ತು, ಅದು ಕುರಿಮರಿ ಪಾಲಿಗೆ ಬಂತು.

ಈ ಸಲ ಮೇಷ್ಟ್ರು ಕೂಗಲಿಲ್ಲ. ಕುರ್ಚಿ ಹಿಡ್ಕೊಂಡು ಕೂತ್ರು. "ಯಾವ ಚಕ್ರ ನೋಡಿದೆಯಪ್ಪ?"

"ನಿಮ್ಮ ಸ್ಕೂಟರ್‌ದು ಸಾರ್. ಪಂಕ್ಚರೂ ಆಗಿದೆ."

ಆಗ ಕೂಗಿದ್ರು ನೋಡಿ! ಕೆಳಗೆ ಜ್ಯೂಸ್ ಕುಡೀತಿದ್ದೋರು ಲೋಟ ಇಟ್ಟು ಮೇಲೆ ನೋಡಿದ್ರು. ಕೂಗಿ ಸುಸ್ತಾದ ಮೇಲೆ ಟ್ಯಾಬ್ ಒಳಗೇ ಇರೋ ಬಣ್ಣದ ಚಕ್ರ ತೆಗೆದು ತೋರಿಸಿದ್ರು. ತಿಮ್ಮೇಶನಿಗೆ ಎಂಥ ಖುಷಿ ಅಂತೀರಾ! ಕೆಂಪು ಮುಟ್ಟಿದ. ಕಿತ್ತಳೆ ಮುಟ್ಟಿದ. ಹಳದಿ ಮುಟ್ಟಿದ. ಮತ್ತೆ ಕೆಂಪೇ ಮುಟ್ಟಿದ. ಹುಡುಗಿ ಬೆಂಕಿ ಹತ್ತಿದ ಬಣವೆ ಥರ ಧಗಧಗ ಅಂದ್ಲು.

"ಥೂ! ಕಣ್ಣು ಉರೀತಿದೆಯಲ್ಲೋ! ಎಲ್ಲಾ ಬಿಸಿ ಬಣ್ಣ! ಮೊದಲು ತಂಪು ಮಾಡೋ ಇದನ್ನ! ಚೆನ್ನಾಗಿ ತಂಪು ಮಾಡಿ ತಂದು ತೋರಿಸು!" ಅಂತ ಹೇಳಿ ಮೇಷ್ಟ್ರು ತಲೆನೋವಿನ ಮಾತ್ರೆ ತರೋಕೆ ಹೋದ್ರು.

ಬಂದು ನೋಡ್ತಾರೆ, ಟ್ಯಾಬ್ ಇಲ್ಲ!

"ಟ್ಯಾಬ್ ಎಲ್ಲೋ?"

"ತಂಪಾಗ್ತಿದೆ ಸಾರ್. ಇನ್ನೊಂದು ಹತ್ತು ನಿಮಿಷ."

ಕೆಳಗೆ ಓಡಿದ್ರು. ಜ್ಯೂಸ್ ಅಂಗಡಿ ಫ್ರಿಜ್ಜಲ್ಲಿ, ಮೂಸಂಬಿ ಪಕ್ಕದಲ್ಲಿ, ಹಾಲಿನ ಪ್ಯಾಕೆಟ್ ಹೊದ್ಕೊಂಡು ಮಲಗಿತ್ತು ಟ್ಯಾಬು. ಗಾಜಿನ ಮೇಲೆಲ್ಲ ನೀರು. ಒರೆಸಿ, ಫ್ಯಾನ್ ಕೆಳಗಿಟ್ಟು, ಸಂಜೆವರೆಗೂ ಕಾದ್ರು. ಪುಣ್ಯ, ಬೆಳಕು ಬಂತು. ಮೇಷ್ಟ್ರ ಮುಖದಲ್ಲಿ ಮಾತ್ರ ಬರಲಿಲ್ಲ.

"ನಾಳಿದ್ದು ಮೈಸೂರಿಂದ ಅವರು ಬರ್ತಾರೆ ತಿಮ್ಮೇಶ. ನೀನು ನಾಳೆಯಿಂದ ಬರಬೇಡಪ್ಪ" ಅಂದ್ರು ಮೆತ್ತಗೆ.

ತಿಮ್ಮೇಶ ಅಂಗಡಿ ಮೆಟ್ಟಿಲ ಕೆಳಗೆ ನಿಂತು ಅಮ್ಮನಿಗೆ ಹೇಳಿದ. ಮೊದಲನೇ ಸಲ ಮಗನ ಕೈಗೆ ಹೊಂದೋ ಕೆಲಸ ಸಿಕ್ಕಿತ್ತು. ಅದೂ ಹೋಯ್ತೇ! ಪಂಕಜಮ್ಮ ಅಂಗಡಿ ಅರ್ಧಕ್ಕೇ ಮುಚ್ಚಿ ಮೇಷ್ಟ್ರ ಹತ್ರ ಹೋದ್ರು.

"ಮೇಷ್ಟ್ರೇ, ಇನ್ನೊಂದೇ ಒಂದು ಸಲ. ಬಣ್ಣ ನಾನು ಹೊಂದಿಸಿ ಕೊಡ್ತೀನಿ. ಅವನು ಯೋಚನೆ ಮಾಡೋದೇ ಬೇಡ."

"ಪಂಕಜಮ್ಮೋರೇ, ಅವನು ಯೋಚನೆ ಮಾಡದೇನೇ ಇಷ್ಟೆಲ್ಲ ಆಗಿರೋದು!" ಅಂದ್ರು ಮೇಷ್ಟ್ರು. ಆದ್ರೂ ಆ ತಾಯಿ ಮುಖ ನೋಡಿ ಬೇಡ ಅನ್ನೋಕಾಗಲಿಲ್ಲ.

ಪಂಕಜಮ್ಮ ಆ ಹುಡುಗಿ ಚಿತ್ರಾನ ನೋಡಿದ್ರು. ಹಿಂದೆ ಸರಿದು ನೋಡಿದ್ರು. ಅಂಗಡಿಗೆ ಹೋಗಿ ತುಂಡುಗಳನ್ನೆಲ್ಲ ಹರವಿಕೊಂಡು ಕೂತ್ರು. ಒಂದನ್ನ ಇನ್ನೊಂದರ ಪಕ್ಕ ಇಡೋರು, ತೆಗೆಯೋರು, ಬೆಳಕಿಗೆ ಹಿಡಿಯೋರು. ಕೊನೆಗೆ ನಾಲ್ಕು ತುಂಡು ಕತ್ತರಿಸಿದ್ರು.

"ನೋಡೋ. ಬದನೆಕಾಯಿ ಬಣ್ಣ, ಇದು ಲಂಗಕ್ಕೆ. ಇದು ಹುಚ್ಚೆಳ್ಳು ಹೂವಿನ ಹಳದಿ, ರವಿಕೆಗೆ. ಸ್ವಲ್ಪಾನೇ ಇರೋದು, ಅದಕ್ಕೇ ಎದ್ದು ಕಾಣುತ್ತೆ. ರಾಗಿಹಿಟ್ಟಿನ ಬಣ್ಣ ಕಂಬಳಿಗೆ. ಬೆಲ್ಲದ ಬಣ್ಣ ಮುಖಕ್ಕೆ, ಕೈಗೆ. ಇದನ್ನೇ ಹಾಕು. ಬೇರೆ ಏನೂ ಹಾಕಬೇಡ. ಇದನ್ನೇ!"

"ಇದನ್ನೇ ಹಾಕ್ತೀನಮ್ಮ."

ಬೆಳಗ್ಗೆ ಮೇಷ್ಟ್ರು ಬಂದಾಗ ತಿಮ್ಮೇಶ ಕೆಲಸ ಮುಗಿಸಿ ಕೈ ಕಟ್ಕೊಂಡು ನಿಂತಿದ್ದ. ಟ್ಯಾಬ್ ಮೇಲೆ, ಗಾಜಿನ ಮೇಲೆ, ಲಂಗದ ಆಕಾರಕ್ಕೆ ಬಟ್ಟೆ! ರವಿಕೆ ಆಕಾರಕ್ಕೆ ಬಟ್ಟೆ! ಅಚ್ಚುಕಟ್ಟಾಗಿ ಕತ್ತರಿಸಿ, ಮೈದಾ ಅಂಟು ಬಳಿದು, ಒತ್ತಿ ಒತ್ತಿ ಅಂಟಿಸಿದ್ದ!

"ಲೋ! ಲೋ ಪಾಪಿ! ಲೋ..." ಮೇಷ್ಟ್ರು ಹೊಡೆಯೋಕೆ ಅಂತ ಕೈ ಎತ್ತಿದೋರು ಹಂಗೇ ನಿಂತ್ರು. ಬಗ್ಗಿ ನೋಡಿದ್ರು. ಕತ್ತು ವಾರೆ ಮಾಡಿ ನೋಡಿದ್ರು. ಹುಡುಗಿ ಈಗ ಹುಡುಗಿ ಹಂಗಿದ್ಲು. ಬಿಸಿಲಲ್ಲಿ ಬೆಳೆದವಳ ಹಂಗಿದ್ಲು. ಒಂದು ಬಣ್ಣ ಇನ್ನೊಂದನ್ನ ಕೈ ಹಿಡ್ಕೊಂಡು ಕರ್ಕೊಂಡು ಬಂದಂಗಿತ್ತು.

"ನಿಮ್ಮಮ್ಮ ಹೊಂದಿಸಿದ್ದಾ?"

"ಹೂಂ ಸಾರ್."

ಮೇಷ್ಟ್ರು ಒದ್ದೆ ಬಟ್ಟೆ ಹಿಡ್ಕೊಂಡು ಕೂತ್ರು. ಒಂದೊಂದೇ ತುಂಡು ಬಿಡಿಸಿದ್ರು, ಅಂಟು ಕೆರೆದ್ರು, ಆ ನಾಲ್ಕೂ ಬಣ್ಣಾನ ತಾವೇ ಹುಡುಕಿ ಟ್ಯಾಬಲ್ಲಿ ತುಂಬಿದ್ರು. ತಿಮ್ಮೇಶನನ್ನ ಹತ್ತಡಿ ದೂರ ಕೂರಿಸಿದ್ರು.

ಮಾರನೇ ದಿನ ಮೈಸೂರಿಂದ ವಸುಮತಿ ಮೇಡಂ ಬಂದ್ರು. ಪುಸ್ತಕದ ಕಂಪನಿಯೋರು ಅವರೇ. ಪಂಕಜಮ್ಮಾನೂ ಫ್ಲಾಸ್ಕಲ್ಲಿ ಕಾಫಿ ತಂದು, ಮೇಡಂ ಕೈಗೆ ಒಂದು ಲೋಟ ಕೊಟ್ಟು, ಬಾಗಿಲ ಹತ್ರ ನಿಂತ್ರು. ಮೇಡಂ ಚಿತ್ರ ನೋಡಿದ್ರು. ಇನ್ನೂ ನೋಡಿದ್ರು. ಮೇಷ್ಟ್ರು ಉಸಿರು ಹಿಡ್ಕೊಂಡ್ರು.

"ಇವಳೇ ಮೇಷ್ಟ್ರೇ, ನಮ್ಮ ಹುಡುಗಿ ಇವಳೇ! ಬಣ್ಣ ಎಷ್ಟು ಚೆನ್ನಾಗಿ ಕೂತಿದೆ! ಇವಳದೇ ಹನ್ನೆರಡು ಕತೆ ಇದೆ, ಎಲ್ಲಾ ನಿಮಗೇ. ಗೆರೆ ಯಾರದು?"

"ಇವನದು ಮೇಡಂ, ತಿಮ್ಮೇಶ ಅಂತ. ಬಣ್ಣ ಇವರಮ್ಮಂದು." ಪಂಕಜಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡ್ರು.

"ಒಂದೇ ಒಂದು ಸಣ್ಣ ಮಾತು" ಅಂದ್ರು ಮೇಡಂ. "ಹುಡುಗಿ ಕೆನ್ನೆ ಒಂಚೂರು ಕೆಂಪಗಾದ್ರೆ ಇನ್ನೂ ಮುದ್ದಾಗಿರುತ್ತೆ."

ಮೇಷ್ಟ್ರು ಖುಷೀಲಿ ಮೈಮರೆತಿದ್ರು. ಹಿಂದಿನದೆಲ್ಲ ಮರೆತೇಬಿಟ್ರು. "ಅದೇನು ಮಹಾ ಮೇಡಂ, ಈಗಲೇ ಆಗುತ್ತೆ! ಏಯ್ ತಿಮ್ಮೇಶ, ಬಾರೋ ಇಲ್ಲಿ! ಇವಳ ಕೆನ್ನೆ ಕೆಂಪಗೆ ಮಾಡು!"

ಬಾಗಿಲಲ್ಲಿ ನಿಂತ ಪಂಕಜಮ್ಮ ಕೈ ಅಡ್ಡ ಆಡಿಸಿದ್ರು. "ಮೇಷ್ಟ್ರೇ, ಬೇಡ... ನೀವೇ..."

ತಿಮ್ಮೇಶ ಬಂದ. ಅಂಗಿ ತೋಳು ಮಡಿಸಿದ. ಹುಡುಗಿ ಮುಖಾನೇ ನೋಡ್ತಾ ನಿಂತ. ಅವಳು ನಗ್ತಾನೇ ಇದ್ಲು.

"ಪಾಪ, ಏನು ತಪ್ಪು ಮಾಡಿದಾಳೆ ಸಾರ್?"

"ಮಾತು ಬೇಡ! ಮಾಡು ಅಂದ್ರೆ ಮಾಡೋ!"

ಛಟೀರ್!

ಗಾಜು ಈ ಕಿವಿಯಿಂದ ಆ ಕಿವಿಗೆ ಸೀಳಿಬಿಡ್ತು. ಮೇಡಂ ಕೈಲಿದ್ದ ಕಾಫಿ ಮಡಿಲಿಗೆ ಬಿತ್ತು. ಪಂಕಜಮ್ಮ ಫ್ಲಾಸ್ಕ್ ತಬ್ಕೊಂಡು ಹೊಸಲ ಮೇಲೇ ಕೂತ್ರು. ಮೇಷ್ಟ್ರು ಬಾಯಿ ತೆಗೆದೋರು ಮುಚ್ಚಲಿಲ್ಲ.

ತಿಮ್ಮೇಶ ಕೆಂಪಾದ ಅಂಗೈ ಉಜ್ಜಿಕೊಂಡ. ಅವನ ಕಣ್ಣು ತುಂಬಿಬಂದಿತ್ತು.

"ಈ ಕಡೆ ಕೆನ್ನೆ ಆಯ್ತು ಸಾರ್. ಆ ಕಡೆಗೆ ನೀವೇ ಹೊಡೀರಿ, ನನ್ನ ಕೈಲಾಗಲ್ಲ."