ಎಂಜಲುಗೈಯ ಮಾತು

"ಗುರುಗಳೇ, ಒಂದು ಸಣ್ಣ ಸುಳ್ಳಿನಿಂದ ಹೇಳಿದವನಿಗೆ ಆಗುವ ನಷ್ಟವೇನು?" ಎಂದು ಶಿಷ್ಯ ಕೇಳಿದ. ಆ ಮಧ್ಯಾಹ್ನ ದಾರಿಹೋಕನೊಬ್ಬ ಊಟ ಕೇಳಿಕೊಂಡು ಮಠದ ಬಾಗಿಲಿಗೆ ಬಂದಿದ್ದ. ಮತ್ತೆ ಒಲೆ ಹಚ್ಚುವ ಬೇಸರಕ್ಕೆ ಶಿಷ್ಯ ಹಿಟ್ಟು ಮುಗಿದಿದೆ ಎಂದು ಹೇಳಿ ಕಳಿಸಿಬಿಟ್ಟಿದ್ದ. ಹಿಟ್ಟು ಗಡಿಗೆ ತುಂಬ ಇತ್ತು.

"ಓಹೋ, ನಷ್ಟದ ವಿಚಾರವೋ! ಅದೂ ಆ ಹಸಿದವನದಲ್ಲ, ನಿನ್ನದು. ಆಗಲಿ, ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಎರಡು ಸೀಮೆಗಳ ನಡುವೆ ಒಂದು ಹಳ್ಳವಿತ್ತು. ಈಚೆ ದಡದಲ್ಲಿ ಕಾಡು ಕಡಿದು ಹೊಸದಾಗಿ ಹೊಲ ಮಾಡಿಕೊಂಡವರು. ಆಚೆ ಕುರಿ ಮೇಯಿಸುವವರು. ಇವರು ಅವರ ಮೇಲೆ ಬೀಳುವುದು, ಅವರು ಇವರ ಮೇಲೆ ಬೀಳುವುದು. ದನಕುರಿಗಳ ಜೊತೆ ಮನುಷ್ಯರನ್ನೂ ಹೊಡೆದುಕೊಂಡು ಹೋಗಿ, ಮನೆಮನೆಗೆ ಹಂಚಿಕೊಂಡು ದುಡಿಸುತ್ತಿದ್ದರು. ಮೊದಲು ಕೈ ಮಾಡಿದವರು ಯಾರು ಎಂದು ನನ್ನನ್ನು ಕೇಳಬೇಡ. ಅದು ಅವರಿಗೇ ಮರೆತುಹೋಗಿತ್ತು.

ಈಚೆಯ ಒಬ್ಬ ರೈತನ ಮಗಳು ನಿಂಬವ್ವನನ್ನು ಆಚೆಯವರು ಹೊತ್ತೊಯ್ದರು. ಸಿಟ್ಟಿಗೆದ್ದ ಊರವರು ಹಳ್ಳ ದಾಟಿ ಹೋಗಿ ಕೆಲವರನ್ನು ಹಿಡಿದು ತಂದರು. ಅವರಲ್ಲಿ ಒಬ್ಬ ಯುವಕ ರೈತನ ಪಾಲಿಗೆ ಬಂದ. ರೈತ ಅವನ ಕೈಗೆ ನೇಗಿಲು ಕೊಟ್ಟು ತಾನು ಮಗಳನ್ನು ಹುಡುಕುತ್ತ ತಿರುಗತೊಡಗಿದ.

ಕಳೆದವರನ್ನು ಹುಡುಕುವವರಿಗೆ ಆ ಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಅವರನ್ನು ಯಾರೂ ಮುಟ್ಟುವಂತಿಲ್ಲ. ಎರಡು ಕಡೆಯವರು ಎದುರಾದರೆ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣಬೇಕು. ಕೈ ತೊಳೆಯುವ ಮೊದಲು ಒಬ್ಬರನ್ನೊಬ್ಬರು ಕೇಳಬೇಕು, ಅದೂ ಒಂದೇ ಸಲ. ಎಂಜಲುಗೈಯಲ್ಲಿ ಸುಳ್ಳು ಹೇಳಬಾರದು. ಉತ್ತರ ಬಂದ ಮೇಲೆ ಆ ಕಡೆಯ ಯಾರನ್ನೂ ಮತ್ತೆ ಕೇಳುವ ಹಾಗಿಲ್ಲ.

ಹಳ್ಳದ ದಂಡೆಯಲ್ಲಿ ರೈತನಿಗೆ ಆಚೆಯ ಮುದುಕ ಕುರಿಗಾಹಿಯೊಬ್ಬ ಸಿಕ್ಕ. ಇಬ್ಬರೂ ರೊಟ್ಟಿ ತಿಂದರು. ಮುದುಕ ಮೊದಲು ಕೇಳಿದ: "ನನ್ನ ಮಗನನ್ನು ನಿಮ್ಮವರು ಒಯ್ದಿದ್ದಾರೆ, ತಮ್ಮಾ. ಎಡಗಿವಿಯ ತುದಿ ಇಲ್ಲ, ಚಿಕ್ಕಂದಿನಲ್ಲಿ ತೋಳ ಕಚ್ಚಿತ್ತು. ಎಲ್ಲಾದರೂ ಕಂಡೆಯಾ?"

ಆ ಕಿವಿಯನ್ನು ರೈತ ದಿನಾ ನೇಗಿಲ ಹಿಂದೆ ನೋಡುತ್ತಿದ್ದ. ಇವನನ್ನು ಬಿಟ್ಟರೆ ಉಳುವವರು ಯಾರು? ಉಳುಮೆ ನಿಂತರೆ ನಾನು ಹುಡುಕಲು ಹೊರಡುವುದು ಹೇಗೆ? ನನಗೆ ಮಗಳು ಸಿಗದಿರುವಾಗ ಇವನಿಗೆ ಮಾತ್ರ ಮಗ ಸಿಗಬೇಕೇ ಎಂಬ ಹೊಟ್ಟೆಕಿಚ್ಚೂ ಇತ್ತು ಅನ್ನು.

"ಇಲ್ಲ ಅಜ್ಜಾ, ಕಂಡಿಲ್ಲ" ಎಂದ.

ಆಮೇಲೆ ತಾನು ಕೇಳಿದ: "ನನ್ನ ಮಗಳು ನಿಂಬವ್ವ. ಗದ್ದದ ಮೇಲೆ ಹಚ್ಚೆ ಇದೆ. ಎಡಗೈಯಲ್ಲಿ ಹಿಟ್ಟು ಬೀಸುತ್ತಾಳೆ. ಕಂಡೆಯಾ?"

ಮುದುಕ ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಹೆಕ್ಕಿ ಇರುವೆಗಳ ಕಡೆ ಹಾಕಿದ. "ಇಲ್ಲ ತಮ್ಮಾ, ಕಂಡಿಲ್ಲ" ಎಂದ.

ಇಬ್ಬರೂ ಕೈ ತೊಳೆದು ತಮ್ಮ ತಮ್ಮ ದಾರಿ ಹಿಡಿದರು.

ಮನೆಯಲ್ಲಿ ಹೆಂಡತಿ, "ಅಲ್ಲಿ ಇಲ್ಲ ಅಂತಾಯಿತಲ್ಲ, ಇನ್ನು ಬೇರೆ ಕಡೆ ಹುಡುಕಿ" ಎಂದಳು. ಎಂಜಲುಗೈಯ ಮಾತನ್ನು ಅವಳು ನಂಬಿದ್ದಳು. ರೈತನಿಗೆ ನಂಬಲು ಆಗಲಿಲ್ಲ. ಅಂಥ ಕೈ ಸುಳ್ಳು ಹೇಳಬಲ್ಲದು ಎಂದು ಊರಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಬೇರೆ ದಿಕ್ಕಿಗೆ ಹೊರಟರೆ ಮಗಳು ಆ ಮುದುಕನ ಹಟ್ಟಿಯಲ್ಲೇ ಇದ್ದಾಳೆ ಅನ್ನಿಸಿ ಅರ್ಧ ದಾರಿಯಿಂದ ತಿರುಗುತ್ತಿದ್ದ. ಹಳ್ಳಕ್ಕೆ ಬಂದರೆ ಮತ್ತೆ ಕೇಳುವ ಹಾಗಿಲ್ಲವೆಂದು ಅಲ್ಲೇ ನಿಲ್ಲುತ್ತಿದ್ದ.

ಕೊನೆಗೆ ತಡೆಯಲಾರದೆ ಯುವಕನನ್ನು ಬಿಟ್ಟು, "ನಿಂಬವ್ವ ಅಲ್ಲಿದ್ದರೆ ಹೇಳಿ ಕಳಿಸಪ್ಪಾ" ಎಂದು ಅವನ ಕೈ ಹಿಡಿದುಕೊಂಡು ಅತ್ತ. ಯುವಕ ಹಳ್ಳ ದಾಟಿ ಹೋದ. ಆಚೆಯಿಂದ ಒಂದು ಮಾತೂ ಬರಲಿಲ್ಲ.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಮುದುಕ ಹೇಳಿದ್ದು ನಿಜವೋ ಸುಳ್ಳೋ, ಗುರುಗಳೇ?"

"ನೀನು ಇದನ್ನು ಒಂದು ಸಲ ಕೇಳಿದೆ ಮಾರಾಯ, ರೈತ ಸಾಯುವ ತನಕ ದಿನಾ ಕೇಳಿಕೊಂಡ."